ಬಾವಿಗೆ ಮದುವೆ ಹುಡುಕಿದವರು

ಕುಳಿತಾಗಲೂ ಅವರ ಎಡಗಾಲು ಕುಣಿಯುತ್ತಲೇ ಇರುತ್ತಿತ್ತು. ಮೊಣಕಾಲಿನ ಕೆಳಗೆ ನೀಲಿ ನರಗಳು ಉಬ್ಬಿದ್ದ, ಹವಾಯಿ ಚಪ್ಪಲಿಯ ತುದಿಯನ್ನಷ್ಟೇ ನೆಲಕ್ಕೆ ಊರಿದ್ದ ಕಾಲು. ಅವರ ವಾಸ ಮಾಳಿಗೆಯ ಮೇಲೆ, ನಮ್ಮದು ಕೆಳಗೆ. ನಡುವೆ ಇದ್ದದ್ದು ಹಳೆಯ ತೇಗದ ಹಲಗೆ ಮಾತ್ರ. ಆ ಕಾಲು ಕುಣಿದರೆ ಹಲಗೆಯ ಸಂದಿಯಿಂದ ನಮ್ಮ ರೊಟ್ಟಿಯ ಮೇಲೆ ಧೂಳು ಉದುರುತ್ತಿತ್ತು. ಅವ್ವ ತಲೆ ಎತ್ತಿ ನೋಡಿ, "ಬಾಯಾರಿಗೆ ಇವತ್ತ ಮತ್ತೇನೋ ಹೊಳದೈತಿ ನೋಡು," ಎಂದು ರೊಟ್ಟಿಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು.

ಅವರು ನಮ್ಮ ಮನೆಯ ಯಜಮಾನಿ. ಅವ್ವನಿಗೆ ಬಾಯಾರು, ನನಗೆ ಆಂಟಿ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಮಗಳು, ಮದುವೆಯಾಗಿ ಮುಂಬೈಯ ಕುರ್ಲಾಕ್ಕೆ ಬಂದವರು. ಕುರ್ಲಾ ಸ್ಟೇಶನ್ನಿನ ಹಿಂದೆ ಒಂದು ಹಳ್ಳಿಯಿದೆ ಎಂದರೆ ಇಂದಿಗೂ ಜನ ನಗುತ್ತಾರೆ. ಇದೆ. ರೈಲು ಬರುವುದಕ್ಕೂ ಮೊದಲು ಅಲ್ಲಿ ಭತ್ತ ಬೆಳೆದುಕೊಂಡಿದ್ದ, ಮರಾಠಿ ಮಾತಿನ ಕ್ರೈಸ್ತರ ಊರು ಅದು. ಮರದ ಮೆಟ್ಟಿಲು, ಹಂಚಿನ ಮಾಡು, ತಿರುವಿಗೊಂದು ಶಿಲುಬೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಗಲ್ಲಿಗಳು. ನಮ್ಮಪ್ಪ ಧಾರವಾಡದ ಕಡೆಯವನು, ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ನೌಕರಿ. ಆ ಊರಿನಲ್ಲಿ ನಮ್ಮಂಥ ಬಾಡಿಗೆಯವರು ಹತ್ತಾರು ಮನೆ ಇದ್ದರೂ ಲೆಕ್ಕಕ್ಕಿರಲಿಲ್ಲ. ಹಬ್ಬಕ್ಕೆ ಬಾಗಿಲಲ್ಲಿ ನಿಂತು ಮೆರವಣಿಗೆ ನೋಡುವುದಷ್ಟೇ ನಮ್ಮ ಪಾಲು.

ಆಂಟಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಚಹಾವನ್ನೂ ನಿಂತೇ ಕುಡಿಯುವರು, ಅದೂ ಅರ್ಧ. ಕುರ್ಲಾದಲ್ಲಿ ಎಲ್ಲಿಯಾದರೂ ಹಳೆಯ ಮನೆ ಕೆಡವುತ್ತಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಮೀನು ಸಾರನ್ನು ಅವ್ವನ ಸುಪರ್ದಿಗೆ ಬಿಟ್ಟು ಟೆಂಪೋ ಹಿಡಿದು ಓಡುವರು. ನಮ್ಮವ್ವ ಮೀನು ಮುಟ್ಟದವಳು. ಮೂಗಿಗೆ ಸೆರಗು ಹಿಡಿದು, ದೂರದಿಂದಲೇ ಉದ್ದನೆಯ ಸೌಟಿನಿಂದ ಆ ಸಾರು ತಿರುವುವಳು. ಆಂಟಿ ಸಂಜೆಗೆ ಕಿಟಕಿಯ ಚೌಕಟ್ಟು, ಕಟಕಟೆಯ ಕಂಬಿ, ಒಂದಿಷ್ಟು ಹಂಚು ಹೇರಿಕೊಂಡು ಬರುವರು. ಹಂಚನ್ನು ತಿರುಗಿಸಿ ಮಂಗಳೂರಿನ ಮುದ್ರೆ ಕಂಡರೆ ಮ್ಯಾಕ್ಸಿಯ ಅಂಚಿನಿಂದ ಒರೆಸಿ, "ಇವ ನನ್ನ ತವರಿನವ," ಎನ್ನುವರು. ಯಾರ ಮನೆಯ ಮಾಡು ಸೋರುತ್ತದೋ ಅವರ ಅಂಗಳದಲ್ಲಿ ಆ ಹಂಚು ಇಳಿಸಿ, ಬಡಗಿಯನ್ನೂ ಕರೆತಂದು ನಿಲ್ಲಿಸುವರು. ಬೇಡವೆಂದರೆ ಬೈಗುಳ. "ನಾವು ಕೂತ್ರೆ ಗೋಡೆ ಬೀಳ್ತದೆ ಮಾರಾಯ್ತಿ. ಗೋಡೆ ಬೀಳ್ಳಿಕ್ಕೆ ಬಿಲ್ಡರ್ ಬೇಡ, ನಮ್ಮ ಸೋಮಾರಿತನ ಸಾಕು," ಎನ್ನುವುದು ಅವರ ದಿನನಿತ್ಯದ ಜಪ.

ಊರಿನಲ್ಲಿ ಜನ ಸೇರುವಂತೆ ಏನಾದರೊಂದು ಹೂಡುತ್ತಲೇ ಇರಬೇಕು ಅವರಿಗೆ. ಮೇ ತಿಂಗಳಲ್ಲಿ ಗಲ್ಲಿಯ ಉದ್ದಕ್ಕೂ ಮೆಣಸಿನಕಾಯಿ ಒಣಗಿಸಿ ವರ್ಷದ ಮಸಾಲೆ ಕುಟ್ಟುವುದು, ಡಿಸೆಂಬರಿನಲ್ಲಿ ಮನೆಮನೆಯ ಹಾಡು, ಶಿಲುಬೆಗಳಿಗೆ ಸುಣ್ಣ ಬಳಿಯುವ ಭಾನುವಾರ. ಹಳೆಯ ಮನೆಗಳನ್ನು ನೋಡಲು ಕ್ಯಾಮೆರಾ ಹಿಡಿದು ಬಂದ ಪಟ್ಟಣದ ಮಂದಿಯ ಕೈಗೆ ಪೊರಕೆ ಕೊಟ್ಟು, "ಫೋಟೋ ಬಾದ್ ಮೇ, ಪೆಹಲೆ ಯೇ ಕೋನಾ ಸಾಫ್ ಕರೋ," ಎಂದದ್ದನ್ನು ನಾನೇ ಕಂಡಿದ್ದೇನೆ. ಅವರು ನಿಜಕ್ಕೂ ಮೊದಲು ಆ ಮೂಲೆ ಗುಡಿಸಿ, ಆಮೇಲೆ ಫೋಟೋ ತೆಗೆದರು. ಅವ್ವನನ್ನೂ ಬಿಡಲಿಲ್ಲ, ಊರಿನವರ ಹಬ್ಬದ ಕರಿದ ಉಂಡೆ ಫುಗಿಯಾದ ಪಕ್ಕದಲ್ಲೇ ಅವಳ ಶೇಂಗಾ ಹೋಳಿಗೆಯ ತಟ್ಟೆ ಇಡಿಸಿದರು. "ಬಾಡಿಗೆ ಕೊಟ್ರೆ ಮುಗೀತಾ ನಿಮ್ದು? ಊರಲ್ಲಿ ಉಂಟಲ್ಲ ನೀವು?" ಎಂದು ಗದರಿಸಿದ್ದು ಅವ್ವನಿಗೆ ಬಹಳ ದಿನ ನೆನಪಿತ್ತು.

ಆದರೆ ಇದೆಲ್ಲ ಮೇಲಿನ ಗದ್ದಲ. ಒಳಗೆ ಅವರನ್ನು ಸುಮ್ಮನಿರಲು ಬಿಡದೆ ಇದ್ದದ್ದು ಬಾವಿ.

ಊರಿನ ನಡುಗಲ್ಲಿಯಲ್ಲಿ ಕಲ್ಲಿನ ಬಾವಿಯಿತ್ತು. ಅದಿರುವುದರಿಂದಲೇ ಗಲ್ಲಿ ಅಲ್ಲಿ ಕಿರಿದಾಗಿತ್ತು, ಬೆಂಕಿ ಆರಿಸುವ ಬಂಡಿ ಒಳಗೆ ನುಗ್ಗುವಂತಿರಲಿಲ್ಲ. ಬಂಡಿ ಬರಲಾಗದ ಜಾಗದಲ್ಲಿ ಎತ್ತರದ ಬಿಲ್ಡಿಂಗಿಗೆ ಪರವಾನಗಿ ಸಿಗದು. ಬಾವಿ ಮುಚ್ಚಿದರೆ ದಾರಿ ಅಗಲ, ದಾರಿ ಅಗಲವಾದರೆ ಟವರ್. ಇಷ್ಟು ಸರಳ. ಮುಚ್ಚಿಸಬೇಕೆನ್ನುವವರ ಮುಂದಾಳು ಮೂಲೆಮನೆಯ ಅಂಕಲ್. ಕೆಟ್ಟವರೇನಲ್ಲ. ಮೊಣಕಾಲು ಸವೆದು, ಏಣಿಯಂಥ ಮೆಟ್ಟಿಲನ್ನು ಕುಂಡೆಯ ಮೇಲೆ ಕೂತು ಇಳಿಯುತ್ತಿದ್ದ ಮನುಷ್ಯ. ಅವರ ಮಾತೆಲ್ಲ ಹಿಂದಿ ಮತ್ತು ಮರಾಠಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ನೀನು ಹಂಚು ಮುದ್ದಿಸು. ನನಗೆ ಲಿಫ್ಟ್ ಬೇಕು," ಎಂದು ಆಂಟಿಯ ಮುಖಕ್ಕೇ ಹೇಳುತ್ತಿದ್ದರು. ಅದರಲ್ಲಿ ತಪ್ಪೇನೂ ನನಗೆ ಕಾಣುತ್ತಿರಲಿಲ್ಲ.

ಬಾವಿಯ ನೀರನ್ನು ದಿನಬಳಕೆಗೆ ಸೇದುವುದು ಎಂದೋ ನಿಂತಿತ್ತು. ಮೇಲೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ, ಕೀಲಿ ಪಂಚರ ಪರವಾಗಿ ಮೂಲೆಮನೆಯ ಅಂಕಲ್ ಹತ್ತಿರ. ಒಂದೇ ಒಂದು ಸಂದರ್ಭಕ್ಕೆ ಅದು ತೆರೆಯುತ್ತಿತ್ತು. ಆ ಊರಿನ ಮದುವೆಯಲ್ಲಿ ಹಿಂದಿನ ದಿನ ಸಂಜೆ ಹೆಂಗಸರು ಬ್ಯಾಂಡಿನೊಂದಿಗೆ ಬಾವಿಗೆ ಹೋಗಿ, ಮದುಮಕ್ಕಳ ಮೀಯುವ ನೀರು ತರುತ್ತಾರೆ. ಬಾವಿಗೆ ಬಂದ ಮದುವಣಗಿತ್ತಿಯ ಕೊಡ ಖಾಲಿ ಹೋಗಬಾರದು, ಹೋದರೆ ಊರಿಗೇ ಕೇಡು ಎಂಬ ನಂಬಿಕೆ ಬೇರೆ. ಆದರೆ ಊರಿನ ಮಕ್ಕಳೆಲ್ಲ ವಸಯಿಗೋ ಕೆನಡಾಕ್ಕೋ ಹೋಗಿ, ಅಲ್ಲೇ ಹಾಲ್ ಹಿಡಿದು ಮದುವೆಯಾಗುತ್ತಿದ್ದರು. ಬೀಗಕ್ಕೆ ತುಕ್ಕು ಹಿಡಿಯಿತು.

ಆಗಲೇ ಮುನಸಿಪಾಲಿಟಿಯ ಕಚೇರಿಯಿಂದ ಒಬ್ಬ ಸಾಹೇಬ ಬಂದ. ಬಾವಿ ಬಳಕೆಯಲ್ಲಿದೆಯೋ ಇಲ್ಲವೋ ನೋಡಬೇಕು, ಇಲ್ಲದಿದ್ದರೆ ಸೊಳ್ಳೆಯ ಕಾಟಕ್ಕೆ ಮುಚ್ಚುವುದೇ ನಿಯಮ ಎಂದ. ಆಂಟಿ ಮದುವೆಯ ಪದ್ಧತಿಯನ್ನೆಲ್ಲ ಕೈಬಾಯಿ ತಿರುಗಿಸಿ ವರ್ಣಿಸಿದರು. ಆತ ಸಾವಧಾನವಾಗಿ ಕೇಳಿ, ಕಡೆಯ ಮದುವೆ ಯಾವಾಗ ಆಯಿತು ಎಂದ. ಆಂಟಿ ಬೀಗದ ತುಕ್ಕನ್ನು ಮ್ಯಾಕ್ಸಿಯ ಅಂಚಿನಿಂದ ಉಜ್ಜತೊಡಗಿದರು. ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಬರುತ್ತೇನೆ ಎಂದು ಆತ ಹೋದ. ಆ ವಾರವೆಲ್ಲ ನಮ್ಮ ರೊಟ್ಟಿಯ ಮೇಲೆ ಧೂಳೇ ಧೂಳು.

ಅದೇ ಬೇಸಿಗೆಯಲ್ಲಿ ನನ್ನ ಮದುವೆ. ನಮ್ಮಲ್ಲೂ ಮದುವೆಗೆ ಗಂಗಿ ಪೂಜಿ ಉಂಟು. ಮುತ್ತೈದೆಯರು ಹೊಳೆಗೋ ಬಾವಿಗೋ ಹೋಗಿ, ಐದು ಕಲ್ಲು ಹೂಡಿ, ಅರಿಶಿಣ ಕುಂಕುಮ ಏರಿಸಿ, ಉಡಿ ತುಂಬಿ ನೀರು ತರಬೇಕು. ಮುಂಬೈಗೆ ಬಂದ ನಮ್ಮ ಮಂದಿ ಅದಕ್ಕೊಂದು ಸುಲಭ ದಾರಿ ಕಂಡುಕೊಂಡಿದ್ದರು. ಅಡುಗೆಮನೆಯ ನಳವೇ ಗಂಗವ್ವ. ಅಪ್ಪ ರೈಲುಹಳಿಯ ಬದಿಯಿಂದ ಐದು ಜಲ್ಲಿಕಲ್ಲು ಆರಿಸಿ ತಂದಿದ್ದ. ಅವ್ವ ಅವನ್ನು ತೊಳೆದು ನಳದ ಕೆಳಗೆ ಸಾಲಾಗಿ ಇಟ್ಟು, ನಳದ ಮೂತಿಗೆ ಕುಂಕುಮ ಹಚ್ಚಿ, ಹಸಿರು ಬಳೆ ತೊಡಿಸುತ್ತಿದ್ದಳು. ಮಾಳಿಗೆಯಿಂದ ಇಳಿದು ಬಂದ ಆಂಟಿ ಬಾಗಿಲಲ್ಲೇ ನಿಂತರು.

"ಎಂತದು ಬಾಯಿ ಇದು?"

"ಗಂಗಿ ಪೂಜಿರಿ ಬಾಯಾರ. ಊರಾಗಾದ್ರ ಬಾವಿಗೆ ಹೋಗ್ತಿದ್ವಿ. ಇಲ್ಲೆ ಏನ ಮಾಡೋದ್ರಿ, ಮುಂಬೈಯಾಗ ಗಂಗವ್ವ ನಳದಾಗನ ಇರ್ತಾಳ."

ಆಂಟಿ ಒಂದು ಗಳಿಗೆ ಅವ್ವನನ್ನೂ ನಳವನ್ನೂ ನೋಡಿದರು. ಆಮೇಲೆ ಸಿಡಿದರು. "ನಿಮಗೆ ಮರ್ಲಾ? ಹೊರಗೆ ಅಷ್ಟು ದೊಡ್ಡ ಬಾವಿ ಇಟ್ಕೊಂಡು ನಳಕ್ಕೆ ಬಳೆ ಹಾಕ್ತೀರಾ? ಇಷ್ಟು ವರ್ಷ ನನ್ನ ತಲೆಯ ಕೆಳಗೇ ಇದ್ದೀರಿ, ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ಏಳಿ! ಕಲ್ಲು ತಗೊಳ್ಳಿ!"

"ಅದು ನಿಮ್ಮವರ ಬಾವಿರಿ. ನಾವು ಬಾಡಿಗಿಯವ್ರು. ಯಾರರ ಏನರ ಅಂದ್ರ?"

"ನಾನೂ ಹೊರಗಿಂದ ಬಂದವಳೇ. ಅಂದವರಿಗೆ ನಾನುಂಟು."

ಅರ್ಧ ಗಂಟೆಯೊಳಗೆ ಬ್ಯಾಂಡು ಬಂತು. ಎಲ್ಲಿಂದ ಎಂದು ನನಗೆ ಇಂದಿಗೂ ತಿಳಿಯದು. ನಮ್ಮ ಕಡೆಯ ಹೆಂಗಸರು ಇಳಕಲ್ ಸೀರೆಯಲ್ಲಿ, ಊರಿನ ಮುದುಕಿಯರು ಪೆಟ್ಟಿಗೆಯಿಂದ ತೆಗೆದ ಕೆಂಪು ಲುಗಡಾ ಸೀರೆಯಲ್ಲಿ. ಅವರ ಹಾಡಿಗೆ ನಮ್ಮವರು ತಾಳ ಹಾಕಿದರು, ನಮ್ಮ ಸೋಬಾನೆಗೆ ಅವರು. ಮುಂದೆ ಆಂಟಿ, ಚಪ್ಪಲಿ ಎಲ್ಲಿ ಬಿಟ್ಟರೋ, ಬರಿಗಾಲಲ್ಲಿ ಕುಣಿಯುತ್ತ. ತಲೆಯ ಮೇಲೆ ಕೊಡ ಹೊತ್ತು ನಾನು ನಡುವೆ, ನಾಚಿಕೆಯಿಂದ ಸಾಯುತ್ತಿದ್ದೆ.

ಬಾವಿಕಟ್ಟೆಯ ಮೇಲೆ ಮೂಲೆಮನೆಯ ಅಂಕಲ್ ಕೂತಿದ್ದರು. ಇಂದು ಇಲ್ಲಿ ನೀರು ಸೇದಿದರೆ ಬಾವಿ ಬಳಕೆಯಲ್ಲಿದೆ ಎಂದಾಗುತ್ತದೆ, ಲಿಫ್ಟ್ ಕನಸು ಅಲ್ಲಿಗೆ ನಿಂತಿತು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. "ಇದು ನಮ್ಮ ಮದುವೆಯಲ್ಲ," ಎಂದರು.

"ನಿಮ್ಮ ಮಕ್ಕಳು ಹಗ್ಗ ಎಳೀಲಿಕ್ಕೆ ಕೆನಡಾದಿಂದ ಬರ್ತಾರಾ?" ಎಂದು ಆಂಟಿ ಮೊದಲು ಕನ್ನಡದಲ್ಲಿ ಕೂಗಿ, ಆಮೇಲೆ ಮರಾಠಿಯಲ್ಲಿ ಕೂಗಿದರು. ಬ್ಯಾಂಡು ನಿಂತಿತು. ಅಂಕಲ್ ಆಂಟಿಯನ್ನು ನೋಡಲೇ ಇಲ್ಲ. ನನ್ನನ್ನು ನೋಡಿದರು, ನನ್ನ ತಲೆಯ ಮೇಲಿನ ಖಾಲಿ ಕೊಡವನ್ನು ನೋಡಿದರು. ಮದುವಣಗಿತ್ತಿಯನ್ನು ಬಾವಿಯಿಂದ ಬರಿಗೊಡದಲ್ಲಿ ಕಳಿಸುವುದು ಅವರ ಕೈಯಲ್ಲಾಗಲಿಲ್ಲ. ಜೇಬಿನಿಂದ ಕೀಲಿ ತೆಗೆದರು. ತುಕ್ಕು ಹಿಡಿದ ಬೀಗಕ್ಕೆ ಅವ್ವನೇ ಗಂಗವ್ವನ ದೀಪದ ಎಣ್ಣೆ ಹೊಯ್ದಳು. ಬೀಗ ಬಿಟ್ಟುಕೊಂಡಾಗ ಆಂಟಿ ಜೋರಾಗಿ ಅತ್ತುಬಿಟ್ಟರು, ಅಳುತ್ತಲೇ ಬ್ಯಾಂಡಿನವರಿಗೆ ಬಾರಿಸಿರೋ ಎಂದು ಬೈದರು.

ಅಲ್ಲಿಂದ ದಾರಿ ತೆರೆಯಿತು. ಬಾಡಿಗೆಮನೆಗಳಲ್ಲಿ ಯಾರ ಮದುವೆಯಾದರೂ ಆಂಟಿ ಹಿಂದಿನ ಸಂಜೆ ಬಾಗಿಲಲ್ಲಿ ಹಾಜರು. ಉಡುಪಿ ಹೋಟೆಲಿನ ಮಾಣಿಯೊಬ್ಬನ ಮದುವಣಗಿತ್ತಿ, ಉತ್ತರಪ್ರದೇಶದ ಬಡಗಿಯ ಮಗಳು, ಎಲ್ಲರೂ ಆ ನೀರು ಒಯ್ದರು. ಸಾಹೇಬ ಮಳೆಗೆ ಮುಂಚೆ ಬಂದಾಗ ಹಗ್ಗ ಒದ್ದೆಯಿತ್ತು, ಜಾಲರಿಗೆ ಹೂವಿತ್ತು. ಆತ ನಕ್ಕು, ಚಹಾ ಕುಡಿದು ಹೋದ. ನಾನು ಗೋರೆಗಾಂವ್‌ನ ಕಾಲನಿಯೊಂದಕ್ಕೆ ಸೊಸೆಯಾಗಿ ಹೋದೆ. ಆಂಟಿಗೆ ಮಾತ್ರ ಸಮಾಧಾನವಿಲ್ಲ. ಫೋನಿನಲ್ಲಿ ಕ್ಷೇಮ ಕೇಳುವ ಮೊದಲೇ, "ನಿಮ್ಮ ಬಿಲ್ಡಿಂಗಿನಲ್ಲಿ ಮದುವೆ ಉಂಟಾ?" ಎನ್ನುವರು. ಗೋರೆಗಾಂವ್‌ನ ಮದುವೆಗೆ ಕುರ್ಲಾದ ನೀರೇ ಎಂದು ನಾನು ನಕ್ಕರೆ, "ಲೋಕಲ್‌ನಲ್ಲಿ ಕೊಡ ಹಿಡಿಸುದಿಲ್ವಾ?" ಎಂದು ಫೋನ್ ಇಡುವರು.

ಕಳೆದ ಮಳೆಗಾಲದಲ್ಲಿ ಹೋದರು. ಯಾರದೋ ಮಾಡಿನ ಹಂಚು ಸರಿಸಲು ಏಣಿ ಹಿಡಿದು ನಿಂತಿದ್ದಾಗ ಎದೆನೋವು ಬಂತಂತೆ. ಮಣ್ಣಿಗೆ ಹೋದ ದಿನ ಸ್ಮಶಾನದಲ್ಲಿ ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆ ಊರಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ನಾನೂ ಅವ್ವನೂ ಗೇಟಿನ ಹತ್ತಿರ, ಕೊಡೆಯ ಕೆಳಗೆ ನಿಂತಿದ್ದೆವು. ಮೂಲೆಮನೆಯ ಅಂಕಲ್ ಕೋಲೂರಿಕೊಂಡು ಅಷ್ಟು ದೂರ ಬಂದು, "ನಮ್ಮ ಬಾವಿಯ ನೀರಲ್ಲಿ ಮಿಂದು ಗಂಡನ ಮನೆಗೆ ಹೋದವಳು ನೀನು. ಹೊರಗಿನವರ ಹಾಗೆ ಇಲ್ಲಿ ಯಾಕೆ ನಿಂತಿದ್ದೀ?" ಎಂದು ಗದರಿದರು. ನಿಮ್ಮೂರು ಯಾವುದು ಎಂದು ಯಾರಾದರೂ ಕೇಳಿದಾಗ ತಡವರಿಸುತ್ತಿದ್ದವಳು ನಾನು. ಹೋಗಿ ಮಣ್ಣು ಹಾಕಿದೆ. ಅವ್ವನೂ ಹಾಕಿದಳು.

ವಾಪಸು ಬರುವಾಗ ಅಂಕಲ್ ಸ್ಟೇಶನ್ನಿನವರೆಗೂ ಕುಂಟುತ್ತ ಬಂದರು. "ಸಾಹೇಬ ಬದಲಾಗಿದ್ದಾನೆ, ಹೊಸಬ ಬರುತ್ತಾನಂತೆ," ಎಂದರು. ಕೋಲಿಗೆ ಭಾರ ಬಿಟ್ಟು ನಿಂತು, "ನನಗೆ ಇಂದಿಗೂ ಲಿಫ್ಟ್ ಬೇಕು. ಆದರೆ ಅವಳು ಸತ್ತ ವರ್ಷವೇ ಬಾವಿ ಮುಚ್ಚಿತು ಅನ್ನಿಸಿಕೊಳ್ಳಲಾರೆ. ಈ ವರ್ಷ ಊರಲ್ಲಿ ಒಂದೂ ಮದುವೆಯಿಲ್ಲ ಬೇಟಾ. ನಿಮ್ಮವರಲ್ಲಿ ಯಾರಾದರೂ ಹುಡುಗಿ ಇದ್ದಾಳಾ, ನೋಡು," ಎಂದರು.

ಲೋಕಲ್ ಹತ್ತಿದೆ. ಸೀಟು ಸಿಕ್ಕಿತು, ಕೂರಲಾಗಲಿಲ್ಲ. ದಾದರಿನಲ್ಲಿ ಇಳಿದು, ಗಾಡಿ ಬದಲಿಸುವ ಸೇತುವೆಯ ಮೇಲೆ ಜನ ನೂಕುತ್ತಿದ್ದಂತೆಯೇ ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ. ಯಾಕವ್ವ ದನಿ ಹಿಂಗೈತಿ, ಅತ್ತೀ ಏನು ಎಂದು ಅವಳು ಕೇಳಿದಳು. ಕಣ್ಣೊರೆಸಿಕೊಂಡು, "ಅದಿರ್ಲಿ ಚಿಕ್ಕವ್ವ, ನಿನ್ನ ಮಗಳ ಮದುವಿ ಎಂದು? ಗಂಗಿ ಪೂಜಿಗೆ ನಳ ಬ್ಯಾಡ. ನಮ್ಮೂರಾಗ ಬಾವಿ ಐತಿ," ಎಂದೆ.