ಸ್ಪೀಕರಿನ ಮೇಲೆ ಬಂದ ದೂರು

ಅಮ್ಮನ ಕೊನೆಯ ತಮ್ಮ ಊರಿನ ಸಭಾಂಗಣದಲ್ಲಿ ಮೈಕು ನೋಡಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಕೆಲಸ. ಕೊನೆಯ ಸಾಲಿನ ಪಕ್ಕ ಅವನ ಮೇಜು, ಅದರ ಮೇಲೆ ಆಂಪ್ಲಿಫೈಯರು, ಅದರ ಗುಂಡಿಗಳ ಮೇಲೆ ಅವನ ಬೆರಳು. ಭಾಷಣಗಾರರ ದನಿ ಕೀರಲಾದರೆ ತಿದ್ದಿ, ಕುಗ್ಗಿದರೆ ಎತ್ತಿ, ಇಲ್ಲದ ಗಾಂಭೀರ್ಯವನ್ನೂ ಸೇರಿಸಿ ಸಭೆಗೆ ಮುಟ್ಟಿಸುತ್ತಿದ್ದ. ಎಷ್ಟೋ ದೊಡ್ಡವರ ದೊಡ್ಡತನ ಆ ಬೆರಳ ತುದಿಯಲ್ಲಿ ತಯಾರಾದದ್ದು. ಅವರಿಗದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಜನವೂ ಅಲ್ಲ.

ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಕಾಟ ಶುರುವಾಯಿತು. ಭಾಷಣದ ನಡುವೆ ಸ್ಪೀಕರು 'ಟಿಕ್‌ಟಿಟಿಕ್, ಟಿಕ್‌ಟಿಟಿಕ್' ಎಂದು, ಆಮೇಲೆ ಗೊರಗುಡುತ್ತಿತ್ತು. ಸಭೆಯೆಲ್ಲ ಕತ್ತು ತಿರುಗಿಸಿ ಮಾವನನ್ನು ನೋಡುತ್ತಿತ್ತು. ಗೊರ್ರಪ್ಪ ಎಂಬ ಹೆಸರೂ ಬಿತ್ತು. ಹೆಸರಿಟ್ಟವರ ಜೇಬಿನಲ್ಲೇ ರೋಗವಿತ್ತು.

ಆಗಿನ ಫೋನುಗಳು ಟವರಿನೊಂದಿಗೆ ಮಾತಾಡುವಾಗ ರೇಡಿಯೋ ಅಲೆಯನ್ನು ಒಂದೇ ಸಮನೆ ಬಿಡುತ್ತಿರಲಿಲ್ಲ. ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ತಡೆತಡೆದು ಉಗುಳುತ್ತಿದ್ದವು. ಹತ್ತಿರದ ಮೈಕಿನ ವೈರು ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಇದು ದನಿ, ಇದು ಕಸ ಎಂಬ ಭೇದ ಆಂಪ್ಲಿಫೈಯರಿಗಿಲ್ಲ; ಎರಡನ್ನೂ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ದಪ್ಪ ಗೋಡೆಯ ಆ ಸಭಾಂಗಣದಲ್ಲಿ ಸಿಗ್ನಲ್ ಬೇರೆ ಕಡಿಮೆ, ಫೋನು ಇನ್ನಷ್ಟು ಗಟ್ಟಿಯಾಗಿ ಕೂಗಿಕೊಳ್ಳಬೇಕು. ಇದನ್ನು ಮಾವ ಮೊದಲ ತಿಂಗಳೇ ಕಂಡುಕೊಂಡಿದ್ದ.

ಸಭಾಂಗಣದ ಕಾರ್ಯದರ್ಶಿಗಳು ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟರು. ಯಾವ ಸಭೆಯಾದರೂ ಸ್ವಾಗತ ಭಾಷಣ ಅವರದೇ. ಹೊತ್ತು ನೋಡಲೆಂದು ಫೋನನ್ನು ಮೈಕಿನ ಬುಡಕ್ಕೇ ಇಡುತ್ತಿದ್ದರು. ಹೊತ್ತನ್ನು ಮಾತ್ರ ಎಂದೂ ನೋಡಿದವರಲ್ಲ. ದೂರ ಇಡಿ ಎಂದು ಮಾವ ಕೇಳಿಕೊಂಡಾಗಲೆಲ್ಲ ಒಂದೇ ಉತ್ತರ.

"ಸೈಲೆಂಟಲ್ಲಿದೆ ಕಣಯ್ಯಾ. ಸದ್ದೇ ಮಾಡದ ಫೋನು ನಿನ್ನ ಸ್ಪೀಕರಲ್ಲಿ ಹೇಗೆ ಸದ್ದು ಮಾಡುತ್ತೆ?"

ಇವರ ಕೈಯಲ್ಲಿ ವಿಜ್ಞಾನ ಕಲಿತವರನ್ನು ದೇವರೇ ಕಾಯಬೇಕು.

ಒಂದು ಸಭೆಯಲ್ಲಿ ಮುಖ್ಯ ಅತಿಥಿಯ ಹೆಸರೇ ಗೊರಗೊರದಲ್ಲಿ ಮುಳುಗಿಹೋಯಿತು. ಮರುದಿನವೇ ಮೇಷ್ಟರು ಸಭಾಂಗಣ ಸಮಿತಿಯ ಅಧ್ಯಕ್ಷೆಗೆ ದೂರು ಬರೆದರು: ಸ್ಪೀಕರೂ ಹಾಳು, ಅದನ್ನು ನೋಡಿಕೊಳ್ಳುವವನೂ ಹಾಳು, ಇಬ್ಬರನ್ನೂ ಬದಲಿಸತಕ್ಕದ್ದು. ಅಧ್ಯಕ್ಷೆ ಹಲ್ಲಿನ ಡಾಕ್ಟರು, ಕಡಿಮೆ ಮಾತಿನವರು. ಶನಿವಾರ ಮೇಷ್ಟರನ್ನೂ ಮಾವನನ್ನೂ ಕಚೇರಿಗೆ ಕರೆಸಿದರು. ಮಾವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಹೊರಡುವಾಗ ಅತ್ತೆ ಚುಚ್ಚಿದಳು. "ಇಷ್ಟು ವರ್ಷ ಬೇರೆಯವರ ದನಿ ಎತ್ತಿದ್ದಾಯ್ತು. ಇವತ್ತೊಂದು ದಿನ ನಿಮ್ಮದು ಎತ್ತಿ."

"ನಂಗೆ ಮಾತು ಬರಲ್ಲ ಕಣೆ. ಸ್ಪೀಕರೇ ಹೇಳಲಿ," ಎಂದು ಮಾವ ಪೆಟ್ಟಿಗೆ ಎತ್ತಿಕೊಂಡ.

ಕಚೇರಿಯ ಮೇಜಿನ ಮೇಲೆ ಆಂಪ್ಲಿಫೈಯರನ್ನೂ ಒಂದು ಚಿಕ್ಕ ಸ್ಪೀಕರನ್ನೂ ಇಟ್ಟ. ಮೈಕು ಸಿಕ್ಕಿಸಲಿಲ್ಲ, ಮೈಕಿನ ವೈರನ್ನಷ್ಟೇ ಹಾಸಿದ. ಸೈಲೆಂಟ್ ಮಾಡಿ ಫೋನನ್ನು ಅದರ ಪಕ್ಕ ಇಡುವಂತೆ ಮೇಷ್ಟರನ್ನು ಕೇಳಿದ. ಅವರು ನಗುತ್ತ ಇಟ್ಟರು. ಅಧ್ಯಕ್ಷೆ ಬಾಗಿಲಾಚೆ ಹೋಗಿ ಅದಕ್ಕೆ ಕರೆ ಮಾಡಿದರು. ಸ್ಪೀಕರು ಟಿಕ್‌ಟಿಟಿಕ್ ಎಂದಿತು. ಫೋನಿನ ದೀಪ ಹತ್ತಿದ್ದು ಅದಾದ ಮೇಲೆ. ಮಾವ ಫೋನನ್ನು ದೂರದ ಕಿಟಕಿಗೆ ಒಯ್ದ. ದೀಪ ಉರಿಯುತ್ತಲೇ ಇತ್ತು, ಸ್ಪೀಕರು ಮೌನ. ಮರಳಿ ತಂದ. ಗೊರ್ರ್. ಮೂರು ಸಲ ಹೀಗೇ ಮಾಡಿದ.

ಮೇಷ್ಟರ ನಗು ಇಳಿಯಿತು, ಜಂಬ ಇಳಿಯಲಿಲ್ಲ.

"ಇದು ನಂಗೆ ಮೊದಲಿಂದ್ಲೂ ಗೊತ್ತು ಮೇಡಂ. ಇವನು ಸರಿಯಾಗಿ ವಿವರಿಸಿರಲಿಲ್ಲ, ಅಷ್ಟೇ."

ಅಧ್ಯಕ್ಷೆ ದೂರಿನ ಕಾಗದವನ್ನು ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕಿದರು. ನಿನಗೇನು ಬೇಕು ಎಂದು ಮಾವನನ್ನು ಕೇಳಿದರು.

"ಮೈಕಿನ ಮುಂದೆ ನಿಲ್ಲೋರು ಫೋನನ್ನ ಹೊರಗಿನ ಕಪಾಟಲ್ಲಿಟ್ಟು ಬರಬೇಕು. ಮೇಷ್ಟ್ರೂ ಸೇರಿ."

ಅದೇ ನಿಯಮವಾಯಿತು, ಮಾವನ ಕೆಲಸ ಉಳಿಯಿತು. ಮೈಕಿನವನ ಮಾತಿಗೆ ಫೋನು ಕಳಚಿಡುವುದು ತಮ್ಮ ಘನತೆಗೆ ಕುಂದೆಂದು ಮೇಷ್ಟರು ಭಾಷಣವನ್ನೇ ಬಿಟ್ಟರು. ಸಭೆಗಳು ಅರ್ಧ ಗಂಟೆ ಮುಂಚೆ ಮುಗಿಯತೊಡಗಿದವು. ಏಕೆಂದು ಯಾರೂ ಕೇಳಲಿಲ್ಲ.