ಪೂಜೆಗಿಟ್ಟ ಸ್ಟೆಪ್ನಿ

ಹೊಸ ಟೈರ್ ಕಂಡು ಹೆದರಿದವರನ್ನು ನೋಡಿದ್ದೀರಾ? ಹೋದ ವಾರ ನಾನು ಹೆದರಿದೆ.

ಸನವಳ್ಳಿಯ ಪರಶುರಾಮ ಮುಂಡಗೋಡದಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ಅವತ್ತು ತುಂಬು ಗರ್ಭಿಣಿ ಮಗಳು ರೇಣುಕಾಳನ್ನು ಹುಬ್ಬಳ್ಳಿ ಆಸ್ಪತ್ರೆಗೆ ಸೇರಿಸಲು ಹೊರಟಿದ್ದ. ಮಧ್ಯಾಹ್ನದೊಳಗೆ ಬನ್ನಿ ಎಂದಿದ್ದರಂತೆ ಡಾಕ್ಟರು. ನನಗೂ ಹುಬ್ಬಳ್ಳಿಯಲ್ಲಿ ಕೆಲಸವಿತ್ತು. ಮುಂದಿನ ಸೀಟು ಖಾಲಿ ಇತ್ತು, ಹತ್ತಿದೆ.

ದಾರಿಯ ಮೇಲಿನ ತಡಸ ಇನ್ನೂ ದೂರ ಇರುವಾಗಲೇ ಹಿಂದಿನ ಟೈರ್ ಕೂತೇಬಿಟ್ಟಿತು. ಪರಶುರಾಮನಿಗೆ ಚಿಂತೆಯೇ ಇಲ್ಲ. ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದ. ಒಂದು ಹಲ್ಲೂ ಸವೆಯದ ಟೈರ್, ಮೇಲೆ ಕುಂಕುಮ. ಪ್ರತಿ ಆಯುಧಪೂಜೆಗೆ ಅದನ್ನು ಹೊರತೆಗೆದು, ತೊಳೆದು, ಪೂಜಿಸಿ ಮತ್ತೆ ಒಳಗಿಡುತ್ತಾನಂತೆ. ಸವೆದ ನಾಲ್ಕು ಟೈರ್ ರಸ್ತೆಗೆ, ಹೊಸದೊಂದು ಆಪತ್ತಿಗೆ. ಎಂಥ ಮುಂದಾಲೋಚನೆ, ಅಲ್ಲವೇ?

ನನಗೊಂದು ಚಟ ಅಂಟಿದೆ. ಟೈರಿನ ಮೈಮೇಲಿನ ಬರಹ ಓದುವುದು. ಟೈರ್ ಅಂಗಡಿಯವರೊಬ್ಬರು ಕಲಿಸಿದ್ದು. (ಮನೆಯಾಕೆ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬರುವುದನ್ನೇ ಬಿಟ್ಟಿದ್ದಾಳೆ.) ಡಿ, ಒ, ಟಿ ಎಂಬ ಮೂರಕ್ಷರ ಇದ್ದರೆ ಗುಣಮಟ್ಟಕ್ಕೆ ಕಂಪನಿಯೇ ಜಾಮೀನು ನಿಂತಂತೆ. ಆ ಸಾಲಿನ ಕೊನೆಯ ಅಂಕಿಗಳು ಟೈರ್ ಹುಟ್ಟಿದ ವಾರ ಮತ್ತು ವರ್ಷ. ನಾಲ್ಕು ಅಂಕಿ ಇದ್ದರೆ ಎರಡು ಸಾವಿರದ ಈಚಿನದು, ಮೂರೇ ಇದ್ದರೆ ಅದಕ್ಕೂ ಹಿಂದಿನ ದಶಕದ್ದು, ಕೊನೆಯ ಒಂದಂಕಿ ವರ್ಷದ್ದು.

ಬಗ್ಗಿ ನೋಡಿದೆ. 268. ತೊಂಬತ್ತೆಂಟನೇ ಇಸವಿಯ ಇಪ್ಪತ್ತಾರನೇ ವಾರ. ಈಗ ಎರಡು ಸಾವಿರದ ಏಳು. ನೆಲ ಮುಟ್ಟದೆಯೇ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು. ಹೆಬ್ಬೆರಳಿನಿಂದ ಅಂಚು ಒತ್ತಿದೆ. ಒಡೆದ ಹಿಮ್ಮಡಿಯ ಹಾಗೆ ಬಿರುಕುಗಳು ಬಾಯಿ ತೆರೆದವು.

ಹೇಳಿದೆ. ಪರಶುರಾಮನಿಗೆ ಸಿಟ್ಟು ಬಂತು.

“ಕಂಪನಿ ಮುದ್ರಿ ಐತಲ್ರಿ. ಒಮ್ಮಿನೂ ಓಡ್ಸಿಲ್ಲ. ಅದ್ಹೆಂಗ ಹಳೇದಾಗ್ತೈತಿ?”

ನ್ಯಾಯವಾದ ಪ್ರಶ್ನೆಯೇ. ಆದರೆ ಕಂಪನಿ ಜಾಮೀನು ನಿಂತದ್ದು ತಾನು ಮಾಡಿದ ಟೈರಿಗೆ, ಡಿಕ್ಕಿಯ ಝಳದಲ್ಲಿ ಕಳೆದ ವರ್ಷಗಳಿಗಲ್ಲ ಎಂದೆ. ಅವನು ಕಿವಿಗೆ ಹಾಕಿಕೊಳ್ಳದೆ ಜಾಕ್ ಹಚ್ಚಿದ. ಬಿಟ್ಟಿ ಸೀಟಿನಲ್ಲಿ ಬಂದವನು ಎಷ್ಟು ಜಗ್ಗಾಡಬಹುದು?

ರೇಣುಕಾ ಮೆಲ್ಲಗೆ ಇಳಿದು ಬಂದಳು. ಬಿರುಕಿನ ಮೇಲೆ ಬೆರಳಾಡಿಸಿದಳು.

“ಅಪ್ಪಾ, ನಮ್ಮ ಸಲುವಾಗಿನ ಇಟ್ಟಿದ್ದಿ, ಖರೆ. ಆದ್ರ ಇದನ್ನ ನಂಬಿ ನಾ ಕುಂದ್ರೂದಿಲ್ಲ.”

ಅಷ್ಟರಲ್ಲಿ ಹುಬ್ಬಳ್ಳಿ ಬಸ್ ಬಂತು, ಅವಳೇ ಕೈ ಮಾಡಿದಳು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಪರಶುರಾಮ ಕಾರಿಗೆ ಕೀಲಿ ಹಾಕಿ ಓಡಿಬಂದು ಹತ್ತಿದ. ಆಸ್ಪತ್ರೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಸಂಜೆ ಹೆಣ್ಣುಮಗು, ತಾಯಿ-ಮಗು ಕ್ಷೇಮ. ನನಗೆ ನಿಜಕ್ಕೂ ಖುಷಿಯಾಯಿತು.

ಬಸ್ಸಿನಲ್ಲಿ ಅವನು ನನ್ನ ಜೊತೆ ಆಡಿದ್ದು ಒಂದೇ ಮಾತು. “ಕಷ್ಟಕ್ಕ ಆಗ್ಲಿ ಅಂತ ಇಟ್ಟಿದ್ದೆ ನೋಡ್ರಿ.”

ನಾವು ಜೋಪಾನ ಮಾಡಿದ್ದೆಲ್ಲ ನಮಗಾಗಿ ಕಾಯುತ್ತದೆ ಎಂದು ಯಾರು ಹೇಳಿದರು?