ಬಿಸಾಕೋ ನೀರಿಗೆ ಸೈನು ಯಾಕೆ?

ಯಾರ ಮಾತಿನಲ್ಲಾದರೂ ಅನುಮಾನ ಬಂದರೆ ನನ್ನ ಅತ್ತೆಯ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಹಿಪ್ಪುನೇರಳೆ ಸೊಪ್ಪು ಕುಯ್ದು ಕುಯ್ದು ಕಪ್ಪಿಟ್ಟ ಹೆಬ್ಬೆರಳನ್ನು ಗಲ್ಲಕ್ಕೆ ಒತ್ತಿ ಆ ಒಂದೂವರೆ ಕಣ್ಣಿನಲ್ಲಿ ನೋಡಿದರೆ ಎಂಥವರೂ ತಡವರಿಸುತ್ತಿದ್ದರು. ಮದುವೆಯಾಗಿ ಆರು ವರ್ಷ, ಆ ನೋಟ ನನ್ನ ಹೊಟ್ಟೆಯ ಮೇಲೇ ಇದೆ ಅಂದುಕೊಂಡಿದ್ದೆ.

ಅತ್ತೆಗೆ ಓದು ಬಾರದು. ಆದರೆ ಕಾಗದವನ್ನು ಸುಮ್ಮನೆ ಬಿಟ್ಟವರಲ್ಲ. ಕಾರ್ಖಾನೆಗಳಿಗೆ ಜಮೀನು ಕೇಳಿಕೊಂಡು ನಮ್ಮ ಅಕ್ಕೂರಿನ ಕಡೆಗೂ ಜನ ಬರುತ್ತಿದ್ದ ಕಾಲ. ಒಬ್ಬ ಏಜೆಂಟು "ಬರೀ ಅಳತೆಗೆ ಕಣಮ್ಮ" ಎಂದು ಕಾಗದ ಚಾಚಿದ. ಅತ್ತೆ ನನ್ನ ಕೈಲಿ ಅದನ್ನು ಮೂರು ಸಲ ಓದಿಸಿ, "ಹೊಲ, ಮರ ಎಲ್ಲಾ ಐತೆ. ನಮ್ಮ ಬಾವಿ ಎಲ್ಲೋಯ್ತು?" ಎಂದರು. ಆ ಮನುಷ್ಯ ಕಾಫಿಯನ್ನೂ ಮುಗಿಸದೆ ಎದ್ದು ಹೋದ.

ಮಕ್ಕಳಾಗುವ ಚಿಕಿತ್ಸೆಗೆ ನಾನು ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದಿಂದ ಬೆಳಗಿನ ರೈಲಿಗೆ ಅವರೇ ಜೊತೆಗೆ ಹೊರಡುತ್ತಿದ್ದರು. ನನ್ನ ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ರಜೆ ಸಿಗುತ್ತಿರಲಿಲ್ಲ. ಇವರು ಬರುವುದು ಜೊತೆಗಲ್ಲ, ಕಾವಲಿಗೆ ಎಂದು ನನಗೆ ಗುಮಾನಿ.

ಅಂಡಾಣು ತೆಗೆಯುವ ದಿನ ನರ್ಸು ಇಂಗ್ಲಿಷಿನಲ್ಲಿದ್ದ ಹಾಳೆಯೊಂದನ್ನು ತಂದು ಸಹಿ ಕೇಳಿದಳು. "ಮೊಟ್ಟೆ ಜೊತೆ ಬರೋ ನೀರಮ್ಮ. ಹೆಂಗಿದ್ರೂ ಬಿಸಾಕ್ತೀವಿ. ರಿಸರ್ಚಿಗೆ ಒಸಿ ಇಟ್ಕೋತೀವಿ ಅಷ್ಟೆ."

"ಬಿಸಾಕೋ ನೀರಿಗೆ ಸೈನು ಯಾಕೆ?" ಎಂದರು ಅತ್ತೆ.

ನರ್ಸು ಹೋಗಿ ಒಬ್ಬ ಎಳೆಯ ಡಾಕ್ಟರನ್ನು ಕರೆತಂದಳು. ಆಕೆ ಅತ್ತೆಯ ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದಳು. ರೋಗದ ವಿರುದ್ಧ ಹೋರಾಡುವ ಜೀವಕಣಗಳು ಒಂದಕ್ಕೊಂದು ಸುದ್ದಿ ಕಳಿಸಲು ಕೆಲವು ವಸ್ತುಗಳನ್ನು ಬಿಡುತ್ತವಂತೆ, ಅವು ಅಂಡಾಣುವಿನ ಸುತ್ತಲಿನ ನೀರಿನಲ್ಲೂ ಇರುತ್ತವಂತೆ. ಗರ್ಭ ನಿಲ್ಲುವುದಕ್ಕೂ ಅವಕ್ಕೂ ಸಂಬಂಧವಿದೆಯೇ ಎಂದು ನೋಡಬೇಕಂತೆ.

"ತಪ್ಪು ಯಾರದ್ದು ಅಂತ ಆ ನೀರು ಹೇಳ್ತದಾ?"

ಅತ್ತೆಯ ಈ ಮಾತಿಗೆ ನಾನು ಹಾಳೆಯಿಂದ ಪೆನ್ನು ಎತ್ತಿದೆ.

"ತಪ್ಪಿನ ಮಾತಲ್ಲಮ್ಮ. ಆ ಸುದ್ದಿಗಳ ಅರ್ಥ ನಮಗೇ ಇನ್ನೂ ಗೊತ್ತಿಲ್ಲ. ಹೆಸರೂ ಬರೆಯಲ್ಲ, ಬರೀ ನಂಬರು. ಯಾರದ್ದು ಅಂತ ನಮಗೂ ತಿಳಿಯಲ್ಲ."

"ಗೊತ್ತಿಲ್ಲ ಅನ್ನೋಕೆ ಈ ಮಗೀಗೆ ನಾಚ್ಕೆ ಇಲ್ಲ. ಹಾಕವ್ವ ಸೈನು."

ಹಾಕಿದೆ. ಆದರೆ ತಪ್ಪು ಯಾರದ್ದು ಎಂಬ ಆ ಪ್ರಶ್ನೆ ನನ್ನನ್ನು ಕುಟುಕುತ್ತಲೇ ಇತ್ತು. ನನ್ನ ಮೇಲೆ ಸಾಕ್ಷಿ ಹುಡುಕುತ್ತಿದ್ದಾರೆ, ಅಷ್ಟೆ.

ಗರ್ಭ ನಿಲ್ಲಲಿಲ್ಲ. ಮುಂದಿನ ತಿಂಗಳು ಆಸ್ಪತ್ರೆಯ ಸಲಹೆಗಾರನೊಬ್ಬ ನಮ್ಮನ್ನು ಕೂರಿಸಿಕೊಂಡು, "ಇವರ ಅಂಡಾಶಯದ ನೀರಿನ ರಿಪೋರ್ಟ್ ಚೆನ್ನಾಗಿಲ್ಲ, ಇವರ ದೇಹವೇ ಭ್ರೂಣದ ಮೇಲೆ ಯುದ್ಧ ಮಾಡ್ತಿದೆ. ಎಂಟು ಇಂಜೆಕ್ಷನ್ ಬೇಕು" ಎಂದ. ನಾನು ಅಳತೊಡಗಿದೆ.

ಅತ್ತೆ ಅವನನ್ನೇ ನೋಡುತ್ತಾ ಕೇಳಿದರು: "ಹೆಸರೇ ಬರೆಯಲ್ಲ ಅಂದಿದ್ರಲ್ಲ. ಆ ನೀರು ನಮ್ಮ ಹುಡುಗೀದೇ ಅಂತ ನಿಂಗೆಂಗೆ ತಿಳೀತಪ್ಪ?"

ಅವನು ಫೈಲು ತಿರುವಿದ. ಮತ್ತೆ ತಿರುವಿದ. ಅತ್ತೆ ಎದ್ದು ಹೋಗಿ ಆ ಡಾಕ್ಟರನ್ನೇ ಹುಡುಕಿ ಕೇಳಿಬಂದರು. ಅಂಥ ರಿಪೋರ್ಟೇ ಇರಲಿಲ್ಲ. "ನಡಿಯವ್ವ. ನಿನ್ನ ಮೈ ಯಾರ ಮೇಲೂ ಯುದ್ಧ ಮಾಡಿಲ್ಲ," ಎಂದು ಕೈಹಿಡಿದು ಹೊರಗೆ ಕರೆತಂದರು.

ಆಗಲೂ ನನ್ನ ಗುಮಾನಿ ಹೋಗಲಿಲ್ಲ. ಕೆಲವೇ ದಿನಕ್ಕೆ ಗಂಡನ ಚಿಕ್ಕಪ್ಪ ಎರಡನೇ ಮದುವೆಗೆಂದು ಕನಕಪುರದ ಕಡೆಯ ಹುಡುಗಿಯೊಬ್ಬಳ ವಿಚಾರ ಎತ್ತಿಕೊಂಡು ಬಂದಾಗ, ಕರೆಸಿದ್ದು ಅತ್ತೆಯೇ ಎಂದುಕೊಂಡೆ. ಅಡುಗೆಮನೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ನಿಮ್ಮಣ್ಣ ಮೊದಲ್ನೇಳನ್ನ ಬಂಜೆ ಅಂತ ಓಡಿಸಿ ನನ್ನ ಕಟ್ಕಂಡ," ಎನ್ನುತ್ತಿದ್ದರು ಅತ್ತೆ. "ಆಮೇಲೆ ಏಳು ವರ್ಸ ನನ್ನೂ ಬಂಜೆ ಅಂದ್ರಿ. ಆಮ್ಯಾಕೆ ಇವನೊಬ್ಬ ಹುಟ್ದ. ತಪ್ಪು ಯಾರದ್ದು ಅಂತ ಯಾವ ಗಂಡ್ಸಾದ್ರೂ ಕೇಳುದ್ನಾ? ಇನ್ನೊಂದ್ ಹೆಣ್ಣಿನ ಕಣ್ಣೀರು ತುಳಕಂಡು ಈ ಹೊಸ್ತಿಲು ದಾಟಿದೋಳು ನಾನು. ಇನ್ನೊಬ್ಳು ಹಂಗೆ ದಾಟೋಕೆ ಬುಡಾಕಿಲ್ಲ. ಎದ್ದೇಳು."

ಅತ್ತೆ ಹುಡುಕುತ್ತಿದ್ದುದು ಸಾಕ್ಷಿಯನ್ನೇ. ಆದರೆ ನನ್ನ ಪರವಾಗಿ.

ನಮಗೆ ಮಕ್ಕಳಾಗಲಿಲ್ಲ. ಕೆಲವು ವರ್ಷದ ನಂತರ ಅತ್ತೆ ಹಾಸಿಗೆ ಹಿಡಿದಾಗ, ನಾನು ನಿಮ್ಮನ್ನು ತಪ್ಪು ತಿಳಿದಿದ್ದೆ ಎಂದು ಹೇಳಿಕೊಂಡೆ. "ಗೊತ್ತಿತ್ತು ಕಣವ್ವ. ನಿನ್ನ ಜಾಗದಾಗೆ ನಾನಿದ್ರೂ ಅಂಗೇ ಅಂದ್ಕೋತಿದ್ದೆ" ಎಂದರು. ಆಮೇಲೆ, "ನಿಮ್ಮಾವ ಓಡಿಸಿದ ಆ ಅಕ್ಕನ ಊರು ಮಾಗಡಿ ಕಡೆ. ಬದುಕವ್ಳೋ ಇಲ್ವೋ, ಒಂದ್ಸಲ ನೋಡ್ಕಂಡು ಬಾ" ಎಂದರು. ನಾನು ಹೊರಡುವ ಮೊದಲೇ ಅವರು ತೀರಿಕೊಂಡರು.

ತಿಥಿಯಾದ ಮೇಲೆ ಹೋದೆ. ಸಾವನದುರ್ಗದ ಮಗ್ಗುಲಿನ ಹಳ್ಳಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ, ನಾನು ಯಾರ ಸೊಸೆ ಎಂದು ತಿಳಿದ ಮೇಲೆ ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ ಒಳಗೆ ತಿರುಗಿ, "ಬಾರ್ಲಾ, ಚಾಪೆ ತಾ" ಎಂದರು. ನಡುವಯಸ್ಸಿನ ಗಂಡಸೊಬ್ಬ ಚಾಪೆ ತಂದು ಹಾಸಿದ.

"ನನ್ನ ದೊಡ್ ಮಗ," ಎಂದರು ಮುದುಕಿ. "ಅಲ್ಲಿಂದ ಬಂದು ಇನ್ನೊಬ್ರ ಜೊತೆ ಕೂಡಿಕೆ ಆದ ಮರುವರ್ಸವೇ ಹುಟ್ದ. ಇವನ ಹಿಂದೆ ಇಬ್ರು ಹೆಣ್ಮಕ್ಳು."

ಇದನ್ನು ಕೇಳಲು ಅತ್ತೆ ಇರಬೇಕಿತ್ತು.